ಅಟ್ಟದ ಮೇಲಿನ ಓಲೆಕಟ್ಟು, ಟ್ರಂಕಿನ ಹಳೇ ಪುಸ್ತಕ: ಯಾವ ಆಕರಗ್ರಂಥ ತೆಗೆದು ಹೇಗೆ ಗುರುತು ಹಿಡಿಯೋದು

ನಮ್ಮ ಸಿರ್ಸಿ ಕಡೆ ಈಗ ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟೋ ಕಾಲ. ಅಟ್ಟ ಖಾಲಿ ಮಾಡುವಾಗ ಅಡಕೆ ಚೀಲ, ಮುರಿದ ತೊಟ್ಲು, ಹಿತ್ತಾಳೆ ಪಾತ್ರೆ ಜೊತೆಗೆ ಕೆಂಪು ಬಟ್ಟೆ ಸುತ್ತಿದ ಎರಡು ಓಲೆಕಟ್ಟು, ಒಂದು ಟ್ರಂಕು ಹಳೇ ಪುಸ್ತಕ ಕೆಳಗೆ ಇಳೀತದೆ. ಪಾತ್ರೆಗೆ ಮರುದಿನವೇ ಗಿರಾಕಿ ಬರ್ತಾನೆ, ಓಲೆಕಟ್ಟು ಮಾತ್ರ ಜಗಲಿ ಮೂಲೆಯಲ್ಲಿ ಕೂತಿರ್ತದೆ, ಆಮೇಲೆ ಯಾರೋ "ಪೂಜೆ ಮಾಡಿ ಹೊಳೆಗೆ ಬಿಡಿ" ಅಂತಾರೆ. ದಯವಿಟ್ಟು ಬಿಡಬೇಡಿ. ಅದು ಏನು, ಯಾವ ಕಾಲದ್ದು, ಬೇರೆ ಎಲ್ಲಾದ್ರೂ ಇದರ ಪ್ರತಿ ಇದ್ಯಾ ಅನ್ನೋದನ್ನ ಮನೇಲಿ ಕೂತೇ ಮುಕ್ಕಾಲು ಪಾಲು ಕಂಡುಹಿಡೀಬಹುದು. ನೂರೈವತ್ತು ವರ್ಷದಿಂದ ಪಂಡಿತರು ಇದಕ್ಕೇ ಅಂತ ಸೂಚಿ (ಕೆಟಲಾಗ್), ನಿಘಂಟು, ಕಾಲಗಣನೆ ಪುಸ್ತಕ ಮಾಡಿಟ್ಟಿದ್ದಾರೆ. ಆದ್ರೆ ಅವನ್ನ ಕಾದಂಬರಿ ಥರ ಮೊದಲಿಂದ ಕೊನೆವರೆಗೆ ಓದೋದಲ್ಲ, ಒಂದೊಂದು ಪುಸ್ತಕ ಒಂದೊಂದೇ ಪ್ರಶ್ನೆಗೆ ಉತ್ತರ ಕೊಡ್ತದೆ. ಪ್ರಶ್ನೆ ಯಾವುದು ಅಂತ ಮೊದಲು ಗೊತ್ತಾಗ್ಬೇಕು, ಆಮೇಲೆ ಪುಸ್ತಕ.

ಮೊದಲ ಹೆಜ್ಜೆ: ಏನೂ ಮಾಡ್ಬೇಡಿ

ಇದನ್ನ ಹೊಟ್ಟೆ ಉರಿದು ಹೇಳ್ತಿದ್ದೇನೆ. ನಮ್ಮ ಅಜ್ಜನ ಮನೇಲಿ ನಾಲ್ಕು ಕಟ್ಟು ಇತ್ತು, ನಾನು ಹೋಗೋದ್ರೊಳಗೆ ದೊಡ್ಡಪ್ಪ ಪಾಪ ಒಳ್ಳೇದಕ್ಕೇ ಅಂತ ಒಂದರ ದಾರ ಕತ್ತರಿಸಿ, ಗರಿಗಳನ್ನೆಲ್ಲ ಒದ್ದೆ ಬಟ್ಟೇಲಿ ಒರೆಸಿ, ತೆಂಗಿನೆಣ್ಣೆ ಹಚ್ಚಿ ಅಂಗಳದ ಬಿಸಿಲಿಗೆ ಹರಡಿ ಆಗಿತ್ತು. ಗರಿಗಳ ಕ್ರಮ ಹೋಯ್ತು, ಅಕ್ಷರದೊಳಗೆ ತುಂಬಿದ್ದ ಮಸಿ ಅರ್ಧ ಬಟ್ಟೆಗೆ ಬಂತು, ಎಣ್ಣೆ ಜಿಡ್ಡಿಗೆ ಧೂಳು ಕೂತು ಮತ್ತಷ್ಟು ಕಪ್ಪಾಯ್ತು. ಅದನ್ನ ಸಾಲು ಸಾಲು ಓದಿ ಮತ್ತೆ ಕ್ರಮಕ್ಕೆ ತರೋಕೆ ನನಗೆ ಒಂದು ಮಳೆಗಾಲ ಪೂರ್ತಿ ಹಿಡೀತು. ಹಳೇ ಲಿಪಿಕಾರರು ಗ್ರಂಥದ ಕೊನೇಲಿ "ತೈಲಾದ್ ರಕ್ಷೇತ್ ಜಲಾದ್ ರಕ್ಷೇತ್ ರಕ್ಷೇತ್ ಶಿಥಿಲಬಂಧನಾತ್" ಅಂತ ಬರೀತಿದ್ರಲ್ಲ, ಎಣ್ಣೆಯಿಂದ ಕಾಪಾಡು, ನೀರಿಂದ ಕಾಪಾಡು, ಸಡಿಲ ಕಟ್ಟಿಂದ ಕಾಪಾಡು ಅಂತ, ನಮ್ಮಲ್ಲಿ ಆ ಮೂರೂ ಒಂದೇ ದಿನ ಆಗಿತ್ತು. ಸಂರಕ್ಷಣೆ ಮಾಡೋರು ಸಿಟ್ರೊನೆಲ್ಲ ಎಣ್ಣೆ ಬಳಸ್ತಾರೆ ನಿಜ, ಆದ್ರೆ ಅದು ತೆಳುವಾಗಿ, ಗೊತ್ತಿದ್ದವರ ಕೈಯಲ್ಲಿ. ನೀವು ಮೆತ್ತನೆ ಒಣ ಬ್ರಷ್‌ನಿಂದ ಧೂಳು ಮಾತ್ರ ತೆಗೀರಿ, ಸಾಕು.

ಕಟ್ಟು ಎಲ್ಲಿ ಸಿಕ್ತು, ಅದರ ಜೊತೆ ಏನೇನಿತ್ತು, ಬಟ್ಟೆ ಮೇಲೆ ಚೀಟಿ ಇತ್ತಾ ಅನ್ನೋದನ್ನೂ ಅದೇ ದಿನ ಬರ್ದಿಡಿ, ನಾಳೆ ಅಂದ್ರೆ ಮರ್ತುಹೋಗ್ತದೆ.

ಎರಡನೇದು: ಇದು ಯಾವ ಜಾತಿ ವಸ್ತು

ಅಟ್ಟದಿಂದ ಇಳಿದದ್ದೆಲ್ಲ ಓಲೆ ಅಲ್ಲ. ನಮ್ಮ ಜಿಲ್ಲೇಲಿ ಸಾಮಾನ್ಯ ಸಿಗೋದು ನಾಲ್ಕೈದು ಥರ.

ಓಲೆಗರೀಲೇ ಎರಡು ಮರ. ಒಂದು ತಾಳೆ, ಗರಿ ದಪ್ಪ, ಗಡಸು, ಅಗಲ ಕಡಿಮೆ. ಇನ್ನೊಂದು ಶ್ರೀತಾಳೆ, ಕುಮಟಾ ಯಾಣದ ಕಾಡಿನ ಕಡೆ ಈಗಲೂ ನೋಡ್ಬಹುದು, ಜೀವಮಾನಕ್ಕೆ ಒಂದೇ ಸಲ ಹೂ ಬಿಟ್ಟು ಸತ್ತುಹೋಗೋ ಮರ, ಅದರ ಗರಿ ತೆಳು, ಮೆದು, ಅಗಲ ಜಾಸ್ತಿ. ಎರಡರ ಮೇಲೂ ಕಂಟದಿಂದ (ಚೂಪು ಮೊನೆಯ ಕಬ್ಬಿಣದ ಲೇಖನಿ) ಕೊರೆದು, ಆಮೇಲೆ ದೀಪದ ಮಸಿ ಸವರಿ ಅಕ್ಷರ ಎದ್ದು ಕಾಣೋ ಹಾಗೆ ಮಾಡ್ತಿದ್ರು. ಮಸಿ ಸವರದೇ ಬಿಟ್ಟ ಗರಿ ಖಾಲಿ ಅನ್ನಿಸ್ತದೆ, ಟಾರ್ಚ್ ಅಡ್ಡ ಹಿಡಿದು ನೋಡಿ, ಕೊರೆದ ಗೆರೆ ನೆರಳಾಗಿ ಏಳ್ತದೆ. ಮೊಬೈಲಲ್ಲಿ ಫೋಟೋ ತೆಗೆಯುವಾಗಲೂ ಅದೇ ಉಪಾಯ.

ಕಪ್ಪು ಬಟ್ಟೆ ಮಡಿಚಿದ ಹಾಗೆ, ಜಮಖಾನದ ಥರ ಉದ್ದಕ್ಕೆ ಬಿಚ್ಚಿಕೊಳ್ಳೋದಾದ್ರೆ ಅದು ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತೆ ಇದ್ದಿಲ ಪುಡಿ ಬಳಿದು ಗಟ್ಟಿ ಮಾಡಿ ಬಳಪದಿಂದ ಬರೆದದ್ದು, ಸಾಮಾನ್ಯ ಲೆಕ್ಕಪತ್ರ, ಜಮೀನಿನ ವಿಷಯ ಇರ್ತದೆ. ಒರೆಸಿದ್ರೆ ಸ್ಲೇಟಿನ ಹಾಗೆ ಹೋಗಿಬಿಡ್ತದೆ, ಕೈ ಹಾಕ್ಲೇಬೇಡಿ.

ಇನ್ನು ಎಲ್ಲರೂ ಮೋಸಹೋಗೋದು ಇಲ್ಲಿ. ಅಡ್ಡ ಉದ್ದನೆ ಕಾಗದದ ಬಿಡಿ ಹಾಳೆ, ದೇವನಾಗರಿ ಕೈಬರಹದ ಥರ ಅಕ್ಷರ, ಕಂಡ ಕೂಡ್ಲೇ "ಹಸ್ತಪ್ರತಿ ಸಿಕ್ತು" ಅಂತ ಖುಷಿ. ಹೆಚ್ಚಿನ ಸಲ ಅದು ಮುಂಬೈ ಅಥವಾ ಕಾಶಿಯಲ್ಲಿ ಕಲ್ಲಚ್ಚಿನಲ್ಲಿ ಅಚ್ಚಾದ ಪೋಥಿ, ಅಂದ್ರೆ ಹೊಲಿಯದ ಬಿಡಿ ಹಾಳೆಯ ಪುಸ್ತಕ. ಕಲ್ಲಚ್ಚಲ್ಲಿ ಲಿಪಿಕಾರ ವಿಶೇಷ ಮಸಿಯಲ್ಲಿ ಬರೆದದ್ದನ್ನೇ ಕಲ್ಲಿನ ಮೇಲಿಳಿಸಿ ನೂರಾರು ಪ್ರತಿ ತೆಗೀತಿದ್ರು, ಹಾಗಾಗಿ ಕೈಬರಹವೇ ಕಾಣ್ತದೆ. ಭೂತಗನ್ನಡಿ ಹಿಡಿದು ನೋಡಿ: ಕೈಯಲ್ಲಿ ಬರೆದದ್ರಲ್ಲಿ ಮಸಿ ಒಂದು ಕಡೆ ದಟ್ಟ ಒಂದು ಕಡೆ ತೆಳು, ಲೇಖನಿ ಅದ್ದಿದ ಜಾಗ ಗೊತ್ತಾಗ್ತದೆ, ಕಲ್ಲಚ್ಚಲ್ಲಿ ಎಲ್ಲ ಕಡೆ ಒಂದೇ ಚಪ್ಪಟೆ ಕಪ್ಪು. ಮೊಳೆ, ಅಂದ್ರೆ ಲೋಹದ ಬಿಡಿ ಅಕ್ಷರ, ಜೋಡಿಸಿದ ಅಚ್ಚಾದ್ರೆ ಹಾಳೆ ಹಿಂದೆ ಬೆರಳು ಸವರಿದ್ರೆ ಅಕ್ಷರ ಒತ್ತಿದ ಉಬ್ಬು ಸಿಗ್ತದೆ, ಮತ್ತೆ ಒಂದು ಪುಟದ ಹತ್ತು "ಕ" ತೆಗೊಂಡ್ರೆ ಹತ್ತೂ ಒಂದೇ ಅಚ್ಚು. ಕಲ್ಲಚ್ಚಲ್ಲಿ ಹತ್ತೂ ಚೂರು ಚೂರು ಬೇರೆ. ಈ ಪರೀಕ್ಷೆ ಮಾಡದೆ ಮುಂದೆ ಹೋದ್ರೆ ಅಚ್ಚಾದ ಪುಸ್ತಕವನ್ನ ಹಸ್ತಪ್ರತಿ ಸೂಚಿಯಲ್ಲಿ ಹುಡುಕ್ತಾ ದಿನಗಟ್ಟಲೆ ಹೋಗ್ತದೆ.

ಮೂರನೇದು: ಲಿಪಿ

ಹವ್ಯಕರ ಮನೆಯ ಓಲೆ ಅಂದ್ರೆ ಮೂರು ಸಾಧ್ಯತೆ, ಹಳೇ ರೂಪದ ಕನ್ನಡ, ತಿಗಳಾರಿ, ಅಪರೂಪಕ್ಕೆ ನಂದಿನಾಗರಿ. ವೇದ, ಪ್ರಯೋಗ (ಪೂಜೆ-ಸಂಸ್ಕಾರ ಮಾಡಿಸೋ ಕ್ರಮ), ಜ್ಯೋತಿಷದ ಸಂಸ್ಕೃತ ಓಲೆ ಬಹಳಷ್ಟು ತಿಗಳಾರಿಯಲ್ಲೇ ಇರ್ತದೆ. ನೋಡಿದವರೆಲ್ಲ "ಇದು ಮಲೆಯಾಳ" ಅಂತಾರೆ, ಎರಡೂ ಗ್ರಂಥಲಿಪಿಯಿಂದ ಬಂದ ಅಕ್ಕತಂಗಿಯರು, ಅದಕ್ಕೇ ಹಾಗೆ ಅನ್ಸೋದು. ನಂದಿನಾಗರಿ ಅಂದ್ರೆ ದೇವನಾಗರಿಯ ಹತ್ತಿರದ ಲಿಪಿ, ಹೆಚ್ಚಾಗಿ ಮಾಧ್ವ ಸಂಪ್ರದಾಯದ ಸಂಗ್ರಹಗಳಲ್ಲಿ ಬರ್ತದೆ.

ಇಲ್ಲಿ ತೆಗೀಬೇಕಾದ ಪುಸ್ತಕ ಎ.ಸಿ. ಬರ್ನೆಲ್ ಅವರ ಎಲಿಮೆಂಟ್ಸ್ ಆಫ್ ಸೌತ್ ಇಂಡಿಯನ್ ಪ್ಯಾಲಿಯಾಗ್ರಫಿ. 1874ರಲ್ಲಿ ಮಂಗಳೂರಲ್ಲೇ ಅಚ್ಚಾದದ್ದು, 1878ರಲ್ಲಿ ಲಂಡನ್ನಲ್ಲಿ ಎರಡನೇ ಆವೃತ್ತಿ ಬಂತು, ಸಿಕ್ಕರೆ ಎರಡನೇದನ್ನೇ ನೋಡಿ. ಅದರ ಅಕ್ಷರಪಟಗಳೇ ನಿಮಗೆ ಬೇಕಾದ್ದು, ಸಿದ್ಧಾಂತದ ಭಾಗ ಈಗ ಹಳತಾಗಿದೆ. ಒಂದು ಎಚ್ಚರಿಕೆ, ತಿಗಳಾರಿಯನ್ನ ಅವರು ತುಳು-ಮಲಯಾಳಂ ಅಂತ ಕರೀತಾರೆ, ದಕ್ಷಿಣ ಕನ್ನಡದವರು ತುಳು ಲಿಪಿ ಅಂತಾರೆ, 2024ರಲ್ಲಿ ಯುನಿಕೋಡ್ 16ಕ್ಕೆ ಸೇರುವಾಗ ತುಳು-ತಿಗಳಾರಿ ಅಂತ ಹೆಸರಾಯ್ತು. ಹುಡುಕುವಾಗ ಎಲ್ಲ ಹೆಸರೂ ಹಾಕಿ ನೋಡಿ. ಕಣ್ಣು ಪಳಗಬೇಕು ಅಂದ್ರೆ ಸಾಗರದ ಹತ್ತಿರ ಕೆಳದಿ ಮ್ಯೂಸಿಯಂಗೆ ಒಂದು ಸಲ ಹೋಗಿಬನ್ನಿ, ತಿಗಳಾರಿ ಓಲೆಗಳ ಒಳ್ಳೇ ಸಂಗ್ರಹ ಇದೆ, ಸಿರ್ಸಿಯಿಂದ ದೂರವೂ ಅಲ್ಲ.

ಕನ್ನಡ ಲಿಪಿಯೇ ಆದ್ರೂ ಮೊದಲ ದಿನ ಓದೋಕೆ ಬರೋದಿಲ್ಲ, ಅದಕ್ಕೆ ಎದೆಗುಂದಬೇಡಿ. ಪದಗಳ ಮಧ್ಯೆ ಜಾಗ ಬಿಡ್ತಿರ್ಲಿಲ್ಲ, ಎ-ಏ, ಒ-ಓ ಹ್ರಸ್ವ ದೀರ್ಘ ಅಂತ ವ್ಯತ್ಯಾಸ ಬರೀತಿರ್ಲಿಲ್ಲ, ಹಾಗಾಗಿ "ಕೆಳು" ಅಂತಿದ್ರೆ ಅದು "ಕೇಳು". ಛಂದಸ್ಸು ಗೊತ್ತಿದ್ರೆ ಮಾತ್ರೆ ಎಣಿಸಿಯೇ ಯಾವುದು ಅಂತ ಗೊತ್ತಾಗ್ತದೆ. ಈ ಥರದ ಲಿಪಿದೋಷ, ಸ್ಖಾಲಿತ್ಯ (ನಕಲು ಮಾಡುವಾಗಿನ ತಪ್ಪು), ಪಾಠಾಂತರ (ಪ್ರತಿಯಿಂದ ಪ್ರತಿಗೆ ಬದಲಾದ ಪದ) ಎಲ್ಲದರ ಬಗ್ಗೆ ಡಿ.ಎಲ್. ನರಸಿಂಹಾಚಾರ್ ಅವರ ಕನ್ನಡ ಗ್ರಂಥ ಸಂಪಾದನೆ ಇದೆ, ಇದೊಂದನ್ನ ಮಾತ್ರ ನಾನು ಮೇಲೆ ಹೇಳಿದ ನಿಯಮ ಮುರಿದು ಪೂರ್ತಿ ಓದಿ ಅಂತ ಹೇಳ್ತೇನೆ. ಉದಾಹರಣೆ ಎಲ್ಲ ಕನ್ನಡದ್ದೇ, ಲಿಪಿಕಾರ ಎಲ್ಲಿ ತಪ್ತಾನೆ, ಯಾಕೆ ತಪ್ತಾನೆ ಅನ್ನೋದನ್ನ ಇಷ್ಟು ಪ್ರೀತಿಯಿಂದ ಬಿಡಿಸಿ ಹೇಳಿದ ಪುಸ್ತಕ ನನಗೆ ಬೇರೆ ಸಿಕ್ಕಿಲ್ಲ. ಸಂಸ್ಕೃತದ ಕಡೆಯದ್ದು ಬೇಕಾದ್ರೆ ಎಸ್.ಎಂ. ಕತ್ರೆ ಅವರ ಇಂಟ್ರೊಡಕ್ಷನ್ ಟು ಇಂಡಿಯನ್ ಟೆಕ್ಸ್ಚುವಲ್ ಕ್ರಿಟಿಸಿಸಂ, 1941ರದ್ದು, ಸಣ್ಣ ಪುಸ್ತಕ.

ನಾಲ್ಕನೇದು: ಕೃತಿ ಯಾವುದು

ಗರಿಗಳನ್ನ ಕ್ರಮವಾಗಿ, ಎರಡೂ ಮಗ್ಗುಲು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೀರಿ, ಆಮೇಲೆ ಓಲೆ ಮುಟ್ಟೋದೇ ಬೇಡ, ಫೋಟೋ ಮೇಲೇ ಕೆಲಸ. ಮೊದಲ ಗರಿ, ಕೊನೆ ಗರಿ, ಮತ್ತೆ ಪ್ರತಿ ಅಧ್ಯಾಯ ಮುಗಿಯೋ ಜಾಗ, ಈ ಮೂರು ಓದಿದ್ರೆ ಸಾಕು. "ಶುಭಮಸ್ತು", "ಅವಿಘ್ನಮಸ್ತು" ದಾಟಿದ ಮೇಲೆ ಬರೋ ಮೊದಲ ಪದ್ಯವೇ ಆದಿ. ಅಧ್ಯಾಯದ ಕೊನೇಲಿ "ಇತಿ ಶ್ರೀ" ಅಂತ ಶುರುವಾಗೋ ವಾಕ್ಯದಲ್ಲಿ ಕೃತಿ ಹೆಸರು, ಕರ್ತೃ ಹೆಸರು ಹೆಚ್ಚಾಗಿ ಸಿಗ್ತದೆ.

ಕನ್ನಡ ಕಾವ್ಯ ಆದ್ರೆ ಆರ್. ನರಸಿಂಹಾಚಾರ್ಯರ ಕರ್ನಾಟಕ ಕವಿಚರಿತೆ. ಮೂರು ಸಂಪುಟ, 1907, 1919, 1929. ಕವಿಗಳನ್ನ ಕಾಲಾನುಕ್ರಮದಲ್ಲಿ ಇಟ್ಟು ಮಾದರಿ ಪದ್ಯ ಕೊಟ್ಟಿದ್ದಾರೆ, ಅದನ್ನ ನಿಮ್ಮ ಪದ್ಯದ ಜೊತೆ ಹೋಲಿಸಬಹುದು. ಇಷ್ಟು ದೊಡ್ಡ ಪುಸ್ತಕದಲ್ಲಿ ಎಲ್ಲಿಂದ ಹುಡುಕೋದು ಅಂದ್ರೆ ಛಂದಸ್ಸಿಂದ ಶುರುಮಾಡಿ. ನಮ್ಮ ಕಡೆ ಮನೆಮನೇಲೂ ಓದ್ತಿದ್ದದ್ದು ಎರಡು, ಭಾಮಿನಿ ಷಟ್ಪದಿ ಆದ್ರೆ ಮೊದಲು ಕುಮಾರವ್ಯಾಸ ನೋಡಿ, ವಾರ್ಧಕ ಆದ್ರೆ ಲಕ್ಷ್ಮೀಶನ ಜೈಮಿನಿ ಭಾರತ. ಷಟ್ಪದಿ, ದ್ವಿಪದಿ, ರಾಗತಾಳದ ಹೆಸರು ಎಲ್ಲ ಮಿಶ್ರ ಬಂದ್ರೆ ಅದು ಯಕ್ಷಗಾನ ಪ್ರಸಂಗ. ಪ್ರಸಂಗದ ಪ್ರತಿಗಳನ್ನ ದಯವಿಟ್ಟು "ಆಟದ ಪದ ಅಷ್ಟೆ" ಅಂತ ಬದಿಗಿಡಬೇಡಿ, ಭಾಗವತರು ತಮ್ಮ ಬಳಕೆಗೆ ತಕ್ಕ ಹಾಗೆ ಪದ ಸೇರಿಸಿ ಬಿಟ್ಟು ಬರ್ಕೊಳ್ತಿದ್ರು, ಒಂದೊಂದು ಪ್ರತಿಯೂ ಬೇರೆ.

ಸಂಸ್ಕೃತ ಆದ್ರೆ ಮದರಾಸು ವಿಶ್ವವಿದ್ಯಾಲಯದ ನ್ಯೂ ಕೆಟಲಾಗಸ್ ಕೆಟಲಾಗೊರಮ್. ಹೆಸರು ಕೇಳಿ ಹೆದರಬೇಡಿ, ಸೂಚಿಗಳ ಸೂಚಿ ಅಂತ ಅರ್ಥ. ಆಫ್ರೆಖ್ಟ್ ಅನ್ನೋ ಜರ್ಮನ್ ಪಂಡಿತರು 1891ರಿಂದ 1903ರೊಳಗೆ ಮೂರು ಭಾಗದಲ್ಲಿ ಮಾಡಿದ ಕೆಲಸವನ್ನ ಮದರಾಸಿನವರು 1935ರಲ್ಲಿ ಹೊಸದಾಗಿ ಎತ್ತಿಕೊಂಡು, 1949ರಿಂದ ಸಂಪುಟ ಸಂಪುಟವಾಗಿ ತಂದದ್ದು. ಕೃತಿ ಹೆಸರು ತೆಗೆದ್ರೆ ಅದರ ಪ್ರತಿ ಯಾವ ಯಾವ ಸಂಗ್ರಹದಲ್ಲಿದೆ ಅಂತ ಸಂಕ್ಷೇಪಾಕ್ಷರದಲ್ಲಿ ಇರ್ತದೆ. ಅನುಕ್ರಮ ಇಂಗ್ಲಿಷ್ ಎಬಿಸಿಡಿ ಅಲ್ಲ, ಅಆಇಈ. ಅಲ್ಲಿ ಒಂದೂ ಪ್ರತಿ ದಾಖಲಾಗಿಲ್ಲ ಅಂದ್ರೆ ಹೆಸರು ತಪ್ಪು ಓದಿದ್ರಾ ಅಂತ ಮತ್ತೊಮ್ಮೆ ನೋಡಿ, ಸರಿ ಇದ್ರೆ ನಿಮ್ಮ ಕೈಯಲ್ಲಿರೋದು ನಿಜಕ್ಕೂ ಅಪರೂಪದ್ದು. ಅರ್ಥಶಾಸ್ತ್ರವೂ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಬ್ಬರು ತಂದುಕೊಟ್ಟ ಓಲೆಕಟ್ಟೇ, ಶಾಮಾಶಾಸ್ತ್ರಿಗಳು ಓದಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ರು.

ಜೈನ ಕೃತಿ ಅನ್ನಿಸಿದ್ರೆ ಕೆ. ಭುಜಬಲಿ ಶಾಸ್ತ್ರಿಗಳ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ, 1948ರದ್ದು, ಮೂಡುಬಿದಿರೆ ಮುಂತಾದ ಕಡೆಯ ಭಂಡಾರಗಳ ಪಟ್ಟಿ. ಸೋದೆ, ಬಿಳಗಿ, ಗೇರುಸೊಪ್ಪೆ, ಹಾಡುವಳ್ಳಿ ಇಷ್ಟೆಲ್ಲ ಜೈನ ನೆಲೆ ಇದ್ದ ಜಿಲ್ಲೆ ನಮ್ಮದು. 1604ರಲ್ಲಿ ಕರ್ಣಾಟಕ ಶಬ್ದಾನುಶಾಸನ ಬರೆದ ಭಟ್ಟಾಕಳಂಕ ಈ ಹಾಡುವಳ್ಳಿ ಪರಂಪರೆಯವನೇ, 592 ಸೂತ್ರದಲ್ಲಿ ಸಂಸ್ಕೃತದಲ್ಲಿ ಕನ್ನಡಕ್ಕೆ ವ್ಯಾಕರಣ ಬರೆದ.

ಕಟ್ಟು ಪೂರ್ತಿ ಇದ್ಯಾ ಅಂತ ನೋಡೋಕೆ ಹಳೇ ಲೆಕ್ಕ ಒಂದಿದೆ. 32 ಅಕ್ಷರಕ್ಕೆ ಒಂದು ಗ್ರಂಥ. 60 ಗರಿ, ಎರಡು ಮಗ್ಗುಲು, ಮಗ್ಗುಲಿಗೆ 7 ಸಾಲು, ಸಾಲಿಗೆ ಸುಮಾರು 48 ಅಕ್ಷರ ಅಂದ್ರೆ 40320 ಅಕ್ಷರ, 32ರಿಂದ ಭಾಗಿಸಿದ್ರೆ 1260 ಗ್ರಂಥ. ವರ್ಣನಾತ್ಮಕ ಸೂಚಿಗಳಲ್ಲಿ, ಅಂದ್ರೆ ಪ್ರತಿಯೊಂದು ಪ್ರತಿಯ ವಿವರ ಕೊಡೋ ಸೂಚಿಗಳಲ್ಲಿ, ಇದೇ ಕೃತಿಗೆ 2500 ಗ್ರಂಥ ಅಂತಿದ್ರೆ ನಿಮ್ಮಲ್ಲಿ ಅರ್ಧ ಮಾತ್ರ ಇದೆ, ಅಟ್ಟದಲ್ಲಿ ಮತ್ತೊಮ್ಮೆ ಹುಡುಕಿ, ದಾಯಾದಿಗಳ ಮನೇಲೂ ಕೇಳಿ. ಹಿಸ್ಸೆ ಆಗುವಾಗ ಪುಸ್ತಕವೂ ಪಾಲಾಗಿರ್ತದೆ.

ಐದನೇದು: ಕಾಲ

ಎರಡು ಕಾಲ ಇದೆ, ಬೆರೆಸಬೇಡಿ. ಕವಿ ಬರೆದ ಕಾಲ ಒಂದು, ಲಿಪಿಕಾರ ನಕಲು ಮಾಡಿದ ಕಾಲ ಇನ್ನೊಂದು. "ನಮ್ಮನೇಲಿ ಐನೂರು ವರ್ಷದ ಓಲೆ ಇದೆ" ಅನ್ನೋರು ಹೆಚ್ಚಿನವರು ಕವಿಯ ಕಾಲ ಹೇಳ್ತಿರ್ತಾರೆ, ಓಲೆಯದ್ದಲ್ಲ.

ಓಲೆಯ ಕಾಲ ಕೊನೆ ಗರಿಯಲ್ಲಿ, ಸಂವತ್ಸರ, ಮಾಸ, ತಿಥಿ, ವಾರ ಅಂತ ಇರ್ತದೆ. ಶಕವರ್ಷ ಇದ್ರೆ 78 ಸೇರಿಸಿ, ಪುಷ್ಯದ ಕೊನೆ, ಮಾಘ, ಫಾಲ್ಗುಣ ಆದ್ರೆ ಜನವರಿ ದಾಟಿರ್ತದೆ, 79. ಬರೀ ಸಂವತ್ಸರದ ಹೆಸರಿದ್ರೆ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರ್ತದಲ್ಲ, ಪ್ರಭವ ಅಂದ್ರೆ 1747, 1807, 1867 ಯಾವುದೂ ಆಗ್ಬಹುದು. ಆಗ ತಿಥಿ-ವಾರ ನೋಡ್ಬೇಕು. "ಶ್ರಾವಣ ಶುದ್ಧ ಪಂಚಮಿ ಗುರುವಾರ" ಅಂತಿದ್ರೆ ಈ ಮೂರರಲ್ಲಿ ಯಾವ ವರ್ಷ ಆ ತಿಥಿ ಗುರುವಾರ ಬಿತ್ತು ಅಂತ ಪರಿಶೀಲಿಸೋದು. ಇದಕ್ಕೆ ಎಲ್.ಡಿ. ಸ್ವಾಮಿಕಣ್ಣು ಪಿಳ್ಳೈ ಅವರ ಆನ್ ಇಂಡಿಯನ್ ಎಫಿಮೆರಿಸ್, ಕ್ರಿ.ಶ. 700ರಿಂದ 1799ರವರೆಗೆ. ಅದರ ಈಚಿನದಕ್ಕೆ ಸೀವೆಲ್ ಮತ್ತು ದೀಕ್ಷಿತರ ದಿ ಇಂಡಿಯನ್ ಕ್ಯಾಲೆಂಡರ್, 1896ರದ್ದು, ಇದರ ಕೋಷ್ಟಕ 1900ರವರೆಗೆ ಬರ್ತದೆ. ಮೊದಲ ಸಲ ತಲೆ ತಿರುಗ್ತದೆ, ಪಂಚಾಂಗ ಗೊತ್ತಿರೋ ಭಟ್ಟರನ್ನ ಪಕ್ಕಕ್ಕೆ ಕೂರಿಸ್ಕೊಳ್ಳಿ, ಅರ್ಧ ಗಂಟೆ ಕೆಲಸ.

ಅಂಕಿ ಬದಲು ಶಬ್ದ ಇದ್ರೆ, ಚಂದ್ರ ಅಂದ್ರೆ ಒಂದು, ನೇತ್ರ ಅಂದ್ರೆ ಎರಡು, ವೇದ ನಾಲ್ಕು, ಹೀಗೆ, ಬಲದಿಂದ ಎಡಕ್ಕೆ ಇಡ್ಬೇಕು. ಕಾಶಿ ಪೋಥಿಗಳಲ್ಲಿ "ಸಂವತ್" ಅಂತ ಬಂದ್ರೆ ಅದು ವಿಕ್ರಮ ಸಂವತ್, 57 ಕಳೀಬೇಕು, ಶಕ ಅಂತ ತಿಳ್ಕೊಂಡು 78 ಕೂಡಿಸಿದ್ರೆ 135 ವರ್ಷ ತಪ್ಪಾಗ್ತದೆ.

ಆರನೇದು: ಟ್ರಂಕಿನ ಅಚ್ಚಿನ ಪುಸ್ತಕ

ಅಚ್ಚಿನ ಕಥೆಗೆ ನಾವು ಹತ್ತಿರದವರು. ಕಾರವಾರದಿಂದ ಗಡಿ ದಾಟಿದ್ರೆ ಗೋವಾ, 1556ರಲ್ಲಿ ಭಾರತದ ಮೊದಲ ಮುದ್ರಣಯಂತ್ರ ಇಳಿದ ಜಾಗ, ಅಬಿಸೀನಿಯಾಕ್ಕೆ (ಈಗಿನ ಇಥಿಯೋಪಿಯ) ಹೋಗ್ಬೇಕಾದದ್ದು ಅಲ್ಲೇ ಉಳೀತು. ಇದರ ಪೂರ್ತಿ ವಿವರಕ್ಕೆ ಎ.ಕೆ. ಪ್ರಿಯೋಳ್ಕರ್ ಅವರ ದಿ ಪ್ರಿಂಟಿಂಗ್ ಪ್ರೆಸ್ ಇನ್ ಇಂಡಿಯಾ, 1958. ಇಡೀ ದೇಶದ್ದು ಬೇಕಾದ್ರೆ ಬಿ.ಎಸ್. ಕೇಶವನ್ ಅವರ ಸಂಪುಟಗಳಿವೆ, ಆದ್ರೆ ನಮ್ಮ ಕರಾವಳಿಯವರಿಗೆ ನಾನು ಪ್ರಿಯೋಳ್ಕರ್ ಅವರನ್ನೇ ಮೊದಲು ಹೇಳ್ತೇನೆ.

ಇಲ್ಲೊಂದು ಹೊಂಡ ಇದೆ, ಬೀಳ್ಬೇಡಿ. ಪೋರ್ಚುಗೀಸರ ಹಳೇ ಪುಸ್ತಕದಲ್ಲಿ "ಕಾನಾರಿಂ" ಅಂದ್ರೆ ಕೊಂಕಣಿ, ಕನ್ನಡ ಅಲ್ಲ. 1640ರಲ್ಲಿ ಗೋವಾದ ರಾಚೋಲಿನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸ್ ವ್ಯಾಕರಣ ಕೊಂಕಣಿಯದ್ದು, ಹೆಸರು ನೋಡಿ ಕನ್ನಡದ ಮೊದಲ ವ್ಯಾಕರಣ ಅಂತ ಹಂಚಬೇಡಿ. ಕನ್ನಡದ ಅಚ್ಚಿನ ವ್ಯಾಕರಣ ಅಂದ್ರೆ ವಿಲಿಯಂ ಕೇರಿ ಬಂಗಾಳದ ಸೆರಾಂಪುರದಲ್ಲಿ 1817ರಲ್ಲಿ ತಂದದ್ದು. ಇಂಗ್ಲಿಷರು ಕನ್ನಡಕ್ಕೆ ಕ್ಯಾನರೀಸ್, ಕರ್ನಾಟಕ, ಕುರ್ನಾಟ ಅಂತ ಬೇರೆಬೇರೆ ಬರೆದಿದ್ದಾರೆ, ಸೂಚಿಯಲ್ಲಿ ಒಂದು ಕಾಗುಣಿತಕ್ಕೆ ಸಿಗದಿದ್ರೆ ಇನ್ನೊಂದು ಹಾಕಿ.

ಮುಖಪುಟ ಹರಿದಿಲ್ಲ ಅಂದ್ರೆ ಅರ್ಧ ಗೆದ್ದ ಹಾಗೆ. ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆ 1841ರಲ್ಲಿ ಕಲ್ಲಚ್ಚಿನಿಂದ ಶುರುವಾಗಿ ಆಮೇಲೆ ಮೊಳೆ ಅಚ್ಚಿಗೆ ಬಂತು, ಮಂಗಳೂರ ಸಮಾಚಾರ ಪತ್ರಿಕೆ 1843ರಲ್ಲಿ ಅಚ್ಚಾದದ್ದು ಕಲ್ಲಚ್ಚಲ್ಲೇ. ಹಾಗಾಗಿ ಎರಡನೇ ಹೆಜ್ಜೆಯಲ್ಲಿ ಮಾಡಿದ ಬೆರಳ ಪರೀಕ್ಷೆ ಇಲ್ಲಿ ಕಾಲವನ್ನೂ ಸೂಚಿಸ್ತದೆ. "1867ನೇ ಇಸವಿ 25ನೇ ಆಕ್ಟ್ ಪ್ರಕಾರ ರಿಜಿಸ್ಟರ್" ಅನ್ನೋ ಅರ್ಥದ ಸಾಲು ಕನ್ನಡದಲ್ಲೋ ಮರಾಠಿಯಲ್ಲೋ ಇದ್ರೆ ಪುಸ್ತಕ 1867ರ ಈಚಿನದು ಅಂತ ಖಾತ್ರಿ. ಆ ಕಾಯ್ದೆಯಿಂದ ನಮಗಾದ ಉಪಕಾರ ದೊಡ್ಡದು, ಪ್ರಾಂತ್ಯ ಸರಕಾರಗಳು ಮೂರು ತಿಂಗಳಿಗೊಮ್ಮೆ ಅಚ್ಚಾದ ಪುಸ್ತಕಗಳ ಪಟ್ಟಿ ಹೊರಡಿಸ್ತಿದ್ವು, ಅದರಲ್ಲಿ ಪ್ರೆಸ್ ಹೆಸರು, ಪುಟ, ಬೆಲೆ, ಎಷ್ಟು ಪ್ರತಿ ಅಚ್ಚಾಯ್ತು ಎಲ್ಲ ಇರ್ತದೆ. ನಮ್ಮ ಜಿಲ್ಲೆಯವರು ನೆನಪಿಡಬೇಕಾದ್ದು, ಉತ್ತರ ಕನ್ನಡ 1862ರಲ್ಲಿ ಮದರಾಸಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಕಾರವಾರದಲ್ಲಿ ಅಚ್ಚಾದದ್ದನ್ನ ಮುಂಬೈ ಪಟ್ಟಿಯಲ್ಲಿ ಹುಡುಕಿ, ಮಂಗಳೂರಲ್ಲಿ ಅಚ್ಚಾದದ್ದನ್ನ ಮದರಾಸು ಪಟ್ಟಿಯಲ್ಲಿ. 1887ರ ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ ಬರೆದ ಸೂರಿ ವೆಂಕಟರಮಣ ಶಾಸ್ತ್ರಿಗಳು ಹೊನ್ನಾವರದ ಕರ್ಕಿಯವರು, ಇಂಥವರ ಪುಸ್ತಕ ನಮ್ಮ ಟ್ರಂಕುಗಳಲ್ಲಿ ಸಿಗದೆ ಇನ್ನೆಲ್ಲಿ ಸಿಗ್ಬೇಕು.

ಮುಖಪುಟ ಹರಿದಿದ್ರೆ ಎಲ್.ಡಿ. ಬಾರ್ನೆಟ್ 1910ರಲ್ಲಿ ಮಾಡಿದ ಬ್ರಿಟಿಷ್ ಮ್ಯೂಸಿಯಂ ಕನ್ನಡ ಪುಸ್ತಕಗಳ ಕೆಟಲಾಗ್ ತೆಗೀರಿ, ಕರ್ತೃವಿನ ಹೆಸರಲ್ಲಿ ಹುಡುಕಿ ಪುಟಸಂಖ್ಯೆ ತಾಳೆ ನೋಡಿ. ಮಿಶನ್ ಪುಸ್ತಕ ಆದ್ರೆ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಬಾಸೆಲ್ ಮಿಶನ್ನಿನ ಪಾದ್ರಿ ಗುಂಡರ್ಟ್ ಸಂಗ್ರಹವನ್ನ ಸ್ಕ್ಯಾನ್ ಮಾಡಿ ಹಾಕಿದೆ, ಕನ್ನಡದ್ದೂ ಇದೆ, ಪುಟಕ್ಕೆ ಪುಟ ಹೋಲಿಸ್ಬಹುದು. ಅರ್ಥ ಆಗದ ಹಳೇ ಶಬ್ದಕ್ಕೆ 1894ರ ಕಿಟ್ಟೆಲ್ ನಿಘಂಟು.

ಇಷ್ಟೂ ಪುಸ್ತಕ ಕೊಂಡ್ಕೊಬೇಕಾ ಅಂದ್ರೆ ಬೇಡ. ಬರ್ನೆಲ್, ಸೀವೆಲ್, ಬಾರ್ನೆಟ್, ಕಿಟ್ಟೆಲ್ ಇಂಥ ಹಳೇ ಪುಸ್ತಕ ಇಂಟರ್ನೆಟ್ ಆರ್ಕೈವ್ (archive.org) ತಾಣದಲ್ಲಿ ಪುಕ್ಕಟೆ ಸಿಗ್ತವೆ. ಮನೇಲಿರ್ಬೇಕಾದ್ದು ಡಿ.ಎಲ್. ನರಸಿಂಹಾಚಾರ್ ಅವರ ಗ್ರಂಥ ಸಂಪಾದನೆ ಒಂದೇ, ಸೆಕೆಂಡ್ ಹ್ಯಾಂಡ್ ಸಿಕ್ಕರೂ ಸಾಕು. ಸೂಚಿಗಳ ಸಂಪುಟಕ್ಕೆ ಹುಬ್ಬಳ್ಳಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ, 1939ರಷ್ಟು ಹಿಂದೆಯೇ ಶುರುವಾಗಿ ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕನ್ನಡ ಸಂಶೋಧನ ಸಂಸ್ಥೆಯ ಪರಂಪರೆ ಅಲ್ಲಿದೆ. ಹೋಗುವಾಗ ಆದಿ, ಅಂತ್ಯ, ಅಳತೆ ಬರ್ಕೊಂಡು ಹೋಗಿ, ಓಲೆ ಹಿಡ್ಕೊಂಡು ಬಸ್ಸಲ್ಲಿ ಹೋಗೋದು ಬೇಡ.

ಕೊನೇ ಕೆಲಸ

ಪ್ರತಿ ಕಟ್ಟಿಗೆ ಒಂದು ಚೀಟಿ: ಕೃತಿ, ಕರ್ತೃ, ಭಾಷೆ, ಲಿಪಿ, ಗರಿ ಎಷ್ಟು, ಉದ್ದ ಅಗಲ ಸೆಂಟಿಮೀಟರಲ್ಲಿ, ಸಾಲು, ಆದಿ, ಅಂತ್ಯ, ಲಿಪಿಕಾರ, ಕಾಲ, ಸ್ಥಿತಿ, ಎಲ್ಲಿ ಸಿಕ್ತು. ಗೊತ್ತಾಗದ್ದನ್ನ ಖಾಲಿ ಬಿಡಿ, ಅಂದಾಜು ತುಂಬಿಸಬೇಡಿ. ಮಾರೋ ಯೋಚನೆ ಬಂದ್ರೆ 1972ರ ಪುರಾವಸ್ತು ಕಾಯ್ದೆ ನೆನಪಿರಲಿ, 75 ವರ್ಷ ದಾಟಿದ, ಸಾಹಿತ್ಯ ಅಥವಾ ಇತಿಹಾಸದ ಮಹತ್ವ ಇರೋ ಹಸ್ತಪ್ರತಿ ಅದರೊಳಗೆ ಬರ್ತದೆ, ಖಾಸಗಿಯವರು ಹೊರದೇಶಕ್ಕೆ ಕಳ್ಸೋ ಹಾಗಿಲ್ಲ. ಮನೇಲೇ ಇಟ್ಕೊಳ್ಳೋದಾದ್ರೆ ತೊಳೆದು ಗಂಜಿ ತೆಗೆದ ಹತ್ತಿ ಬಟ್ಟೆ, ಎರಡೂ ಕಡೆ ಮರದ ಹಲಗೆ, ಹದವಾಗಿ ಬಿಗಿದ ದಾರ. ಪ್ಲಾಸ್ಟಿಕ್ ಕವರ್ ಬೇಡ್ವೇ ಬೇಡ, ನಮ್ಮ ಮಳೆಗಾಲದಲ್ಲಿ ಒಳಗೇ ಬೆವರಿ ಬೂಸ್ಲು ಹಿಡೀತದೆ. ಗೋಡೆಗೆ ತಾಗದ ಹಾಗೆ ಇಡಿ, ಒರಲೆ ಬರೋದೇ ಗೋಡೆಯಿಂದ. ನವರಾತ್ರಿಯ ಪುಸ್ತಕ ಪೂಜೆಗೆ ಕೆಳಗಿಳಿಸಿದಾಗ ಕುಂಕುಮ ಹಚ್ಚೋದಕ್ಕಿಂತ ಮೊದಲು ಒಂದ್ಸಲ ಬಿಚ್ಚಿ ಹುಳ ನೋಡಿ, ಕುಂಕುಮ ಬಟ್ಟೆ ಮೇಲೆ ಹಚ್ಚಿ, ಗರಿಗೆ ಬೇಡ. ಚೀಟಿಯ ಒಂದು ಪ್ರತಿ ಕಟ್ಟಿನ ಜೊತೆ, ಇನ್ನೊಂದು ಊರು ಬಿಟ್ಟು ಹೋದ ತಮ್ಮನ ಹತ್ರವೋ ಮಗಳ ಹತ್ರವೋ ಇರ್ಲಿ, ಫೋಟೋಗಳೂ ಅಷ್ಟೇ.